ವಾಹನ ನೀರು ಕುಡಿಯುವುದೇಕೆ? – ಹಳೆಯ ವಾಹನಗಳಲ್ಲಿ ಎಂಜಿನ್ ಬಿಸಿಯೇರಿಕೆ ಹಾಗೂ ಕೂಲೆಂಟ್ ನಷ್ಟದ ಕಾರಣ ಪತ್ತೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪಾಠದ ಉದ್ದೇಶ

ಕಸ ಸಂಗ್ರಹಣೆಯ ವಾಹನ, ಕುಡಿಯುವ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಮುಂತಾದವು ಇಂದು ಗ್ರಾಮ ಪಂಚಾಯಿತಿಯ ನಿತ್ಯದ ಸೇವೆಗೆ ಆಧಾರವಾಗಿವೆ. ಇವುಗಳಲ್ಲಿ ಒಂದು ನಿಂತರೂ ಅದರ ಪರಿಣಾಮ ಮರುದಿನವೇ ಬೀದಿಯಲ್ಲಿ ಕಾಣುತ್ತದೆ. ವಾಹನ ಹಳೆಯದಾದಂತೆ ಅದನ್ನು ನಿಲ್ಲಿಸುವ ಕಾರಣಗಳಲ್ಲಿ ಎಂಜಿನ್ ಅತಿಯಾಗಿ ಬಿಸಿಯಾಗುವುದು ಮುಖ್ಯವಾದುದು. ಈ ದೋಷ ಒಂದೇ ದಿನದಲ್ಲಿ ಬರುವುದು ವಿರಳ. ವಾರಗಟ್ಟಲೆ ಮುನ್ಸೂಚನೆ ನೀಡಿ, ಕಡೆಗೊಂದು ದಿನ ದೊಡ್ಡ ಮೊತ್ತದ ದುರಸ್ತಿ ಬಿಲ್ಲಿನ ರೂಪದಲ್ಲಿ ಸಭೆಯ ಮುಂದೆ ಬರುತ್ತದೆ.

ಸದಸ್ಯರು ಮೆಕ್ಯಾನಿಕ್‌ಗಳಾಗಬೇಕೆಂಬುದು ಈ ಪಾಠದ ಆಶಯವಲ್ಲ. ದುರಸ್ತಿಯ ಅಂದಾಜು ಪಟ್ಟಿಗೆ ಒಪ್ಪಿಗೆ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಯಾವುವು, ಚಾಲಕರಿಂದ ಪ್ರತಿದಿನ ಪಡೆಯಬೇಕಾದ ಮಾಹಿತಿ ಯಾವುದು ಎಂಬುದನ್ನು ತಿಳಿಸುವುದೇ ಇದರ ಉದ್ದೇಶ. ನೀರಿನಿಂದ ತಂಪಾಗುವ ಎಂಜಿನ್ ಇರುವ ವಾಹನಗಳಿಗೆ ಮಾತ್ರ ಇಲ್ಲಿನ ವಿವರಣೆ ಅನ್ವಯಿಸುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್‌ನ ತ್ರಿಚಕ್ರ ವಾಹನಗಳಿಗೂ ವಿದ್ಯುತ್ ಚಾಲಿತ ವಾಹನಗಳಿಗೂ ಇದು ಅನ್ವಯಿಸುವುದಿಲ್ಲ.

2. ಒಂದು ಸನ್ನಿವೇಶ

ಪಾಠದ ಅನುಕೂಲಕ್ಕಾಗಿ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರಿ ತೀರದ ಗ್ರಾಮ. 2019ರ ಆಗಸ್ಟ್‌ನಲ್ಲಿ ಕಬಿನಿ ಹಾಗೂ ಕೃಷ್ಣರಾಜಸಾಗರ ಜಲಾಶಯಗಳಿಂದ ಹೆಚ್ಚಿನ ನೀರು ಹೊರಬಂದಾಗ ಮುಳ್ಳೂರು, ದಾಸನಪುರ, ಹರಳೆ ಮೊದಲಾದ ತೀರದ ಗ್ರಾಮಗಳಿಗೆ ನೆರೆಯ ಬಾಧೆ ತಟ್ಟಿತು. ಅಂತಹ ಗ್ರಾಮವೊಂದರಲ್ಲಿ ಹತ್ತು ವರ್ಷ ಹಳೆಯದಾದ, ಡೀಸೆಲ್ ಎಂಜಿನ್‌ನ ನಾಲ್ಕು ಚಕ್ರದ ಕಸದ ಗಾಡಿಯೊಂದಿದೆ. ಸ್ವಸಹಾಯ ಸಂಘದ ಮಹಿಳೆಯೊಬ್ಬರು ಅದರ ಚಾಲಕಿ. ಮಳೆಗಾಲದಲ್ಲಿ ನದಿ ಉಕ್ಕಿದಾಗ ಗಾಡಿ ಕೆಸರು ನೀರಿನಲ್ಲಿ ಓಡಾಡಿ ಪರಿಹಾರದ ಸಾಮಾನು ಸಾಗಿಸಿದೆ.

ನೆರೆ ಇಳಿದ ಬಳಿಕ ಗಾಡಿ ಎಂದಿನಂತೆ ಓಡಿದೆ. ಫೆಬ್ರವರಿಯಲ್ಲಿ ಚಾಲಕಿ ದಿನಕ್ಕೆ ಅರ್ಧ ಲೀಟರ್ ನೀರು ಹಾಕತೊಡಗಿದ್ದಾರೆ. ಮಾರ್ಚ್‌ನಲ್ಲಿ ಅದು ಒಂದು ಲೀಟರ್, ಏಪ್ರಿಲ್‌ನಲ್ಲಿ ಎರಡು ಲೀಟರ್ ಆಗಿದೆ. "ಗಾಡಿ ನೀರು ಕುಡೀತಾ ಇದೆ ಸಾರ್" ಎಂದು ಅವರು ಕಚೇರಿಯಲ್ಲಿ ಎರಡು ಬಾರಿ ಹೇಳಿದ್ದಾರೆ. "ಹಳೇ ಗಾಡಿ, ಬೇಸಿಗೆ ಬೇರೆ, ಹಾಕ್ಕೊಂಡು ಓಡಿಸಮ್ಮ" ಎಂಬ ಉತ್ತರ ಸಿಕ್ಕಿದೆ. ಮೇ ತಿಂಗಳ ಒಂದು ಮಧ್ಯಾಹ್ನ ತುಂಬಿದ ಗಾಡಿ ಕಸ ವಿಲೇವಾರಿ ಘಟಕದ ದಾರಿಯಲ್ಲಿ ನಿಂತಿದೆ. ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಹೆಡ್ ಬಾಗಿದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ. ಸಭೆಯಲ್ಲಿ ಎದ್ದ ಮೊದಲ ಪ್ರಶ್ನೆ: "ಚಾಲಕಿಯ ನಿರ್ಲಕ್ಷ್ಯವಲ್ಲವೇ?"

ಲಾಗ್ ಪುಸ್ತಕ ತೆರೆದು ನೋಡಿದರೆ ಅದರಲ್ಲಿ ಕಿಲೋಮೀಟರ್ ಇದೆ, ಡೀಸೆಲ್ ಇದೆ, ಸಹಿ ಇದೆ. ಎಷ್ಟು ನೀರು ಹಾಕಲಾಯಿತು ಎಂಬುದಕ್ಕೆ ಕಲಂ ಇಲ್ಲ. ತಪ್ಪು ಯಾರದೆಂದು ತೀರ್ಮಾನಿಸಲು ಆಧಾರವೇ ಇಲ್ಲದಂತಾಗಿದೆ. ಈ ಸನ್ನಿವೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಭಾಗಗಳನ್ನು ಓದತಕ್ಕದ್ದು.

3. ಎಂಜಿನ್ ತಂಪಾಗುವ ಬಗೆ

ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಶಕ್ತಿಯಾಗುತ್ತದೆ. ಉಳಿದುದರಲ್ಲಿ ಒಂದಂಶ ಹೊಗೆಯೊಡನೆ ಹೊರಹೋಗುತ್ತದೆ, ಇನ್ನೊಂದಂಶವನ್ನು ಎಂಜಿನ್ ಸುತ್ತ ಹರಿಯುವ ನೀರು ಹೊತ್ತೊಯ್ಯಬೇಕು. ವಾಟರ್ ಪಂಪ್ ಈ ನೀರನ್ನು ಸದಾ ಸುತ್ತಿಸುತ್ತದೆ. ಥರ್ಮೋಸ್ಟಾಟ್ ಎಂಬ ಕವಾಟವು ಎಂಜಿನ್ ತಣ್ಣಗಿರುವಾಗ ಮುಚ್ಚಿದ್ದು, ನೀರು ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತೆರೆದು ಅದನ್ನು ರೇಡಿಯೇಟರ್‌ಗೆ ಬಿಡುತ್ತದೆ. ರೇಡಿಯೇಟರ್‌ನ ತೆಳುವಾದ ರೆಕ್ಕೆಗಳ ನಡುವೆ ಫ್ಯಾನ್ ಗಾಳಿ ಹಾಯಿಸಿ ನೀರನ್ನು ತಣಿಸುತ್ತದೆ. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ನೀರಿನ ಉಷ್ಣಾಂಶ ಸಾಮಾನ್ಯವಾಗಿ 80 ರಿಂದ 95 ಡಿಗ್ರಿಯ ನಡುವೆ ಇರುತ್ತದೆ.

ಇಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಭಾಗ ರೇಡಿಯೇಟರ್ ಕ್ಯಾಪ್. ಅದು ಬರಿಯ ಮುಚ್ಚಳವಲ್ಲ. ಅದರಲ್ಲಿರುವ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ತೆರೆದ ಪಾತ್ರೆಯ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಸುಮಾರು ಒಂದು ಬಾರ್‌ನಷ್ಟು ಹೆಚ್ಚುವರಿ ಒತ್ತಡವಿದ್ದರೆ ಅದೇ ನೀರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕೂಲೆಂಟ್ ದ್ರವ ಬೆರೆತಿದ್ದರೆ ಕುದಿಯುವ ಮಟ್ಟ ಇನ್ನೂ ಮೇಲೇರುತ್ತದೆ. ಕ್ಯಾಪ್‌ನ ರಬ್ಬರ್ ಹಳಸಿದರೆ ಈ ರಕ್ಷಣೆ ಪೂರ್ತಿ ಇಲ್ಲವಾಗುತ್ತದೆ.

ಕೂಲೆಂಟ್ ಎಂದರೆ ಮುಖ್ಯವಾಗಿ ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ನಮ್ಮ ಕಡೆ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಾದ್ದರಿಂದ ಕೂಲೆಂಟ್ ಬೇಕಿಲ್ಲವೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ತುಕ್ಕು ತಡೆಯುವುದು, ಕುದಿಯುವ ಮಟ್ಟವನ್ನು ಏರಿಸುವುದು, ಪಂಪ್‌ನ ಸೀಲ್ ಕಾಯುವುದು ನಮ್ಮ ಹವೆಗೂ ಬೇಕಾದ ಗುಣಗಳೇ.

4. ನೀರು ಹೋಗುವ ಮೂರು ದಾರಿಗಳು

ತಂಪು ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಅದರಲ್ಲಿ ಹಾಕಿದ ನೀರು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ವಾಹನ ಹಳೆಯದೆಂಬ ಕಾರಣಕ್ಕಾಗಲಿ, ಬೇಸಿಗೆ ಎಂಬ ಕಾರಣಕ್ಕಾಗಲಿ ಅದು ನೀರು ಕುಡಿಯುವುದಿಲ್ಲ. ದಿನವೂ ನೀರು ಕಡಿಮೆಯಾಗುತ್ತಿದೆ ಎಂದರೆ ಅದು ಕೆಳಗಿನ ಮೂರು ದಾರಿಗಳಲ್ಲಿ ಒಂದರಿಂದ ಹೋಗುತ್ತಿರುತ್ತದೆ.

ಮೊದಲನೆಯದು, ಹೊರ ಸೋರಿಕೆ. ಹೋಸ್ ಪೈಪ್‌ನ ಬಿರುಕು, ಸಡಿಲವಾದ ಕ್ಲಿಪ್, ರೇಡಿಯೇಟರ್‌ನ ತೂತು, ವಾಟರ್ ಪಂಪ್‌ನ ಸೀಲ್, ಎಂಜಿನ್ ಬ್ಲಾಕ್‌ನ ಮೇಲಿರುವ ತಗಡಿನ ಪ್ಲಗ್‌ಗಳು ಇದರ ತಾಣಗಳು.

ಎರಡನೆಯದು, ಕ್ಯಾಪ್ ಮೂಲಕ ಆವಿಯಾಗಿ ಅಥವಾ ಉಕ್ಕಿ ಹೋಗುವುದು. ಕ್ಯಾಪ್ ಹಳಸಿದ್ದರೆ ಅಥವಾ ಎಂಜಿನ್ ನಿಜವಾಗಿಯೂ ಅತಿ ಬಿಸಿಯಾಗುತ್ತಿದ್ದರೆ ಹೀಗಾಗುತ್ತದೆ. ನೆಲದ ಮೇಲೆ ಗುರುತು ಉಳಿಯದ ಕಾರಣ ಈ ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು, ಎಂಜಿನ್‌ನ ಒಳಗಿನ ಸೋರಿಕೆ. ಹೆಡ್ ಗ್ಯಾಸ್ಕೆಟ್ ಸುಟ್ಟಾಗ ಅಥವಾ ಹೆಡ್ ಬಿರುಕು ಬಿಟ್ಟಾಗ ನೀರು ಸಿಲಿಂಡರ್‌ಗೆ ಇಳಿದು ಹೊಗೆಯೊಡನೆ ಹೋಗುತ್ತದೆ, ಇಲ್ಲವೇ ಆಯಿಲ್‌ನಲ್ಲಿ ಬೆರೆಯುತ್ತದೆ.

ಈ ಮೂರರ ದುರಸ್ತಿ ವೆಚ್ಚಗಳ ನಡುವಿನ ಅಂತರ ಬಹಳ ದೊಡ್ಡದು. ಮೊದಲ ಎರಡನ್ನು ಸಕಾಲದಲ್ಲಿ ಕಂಡರೆ ಹಲವು ಬಾರಿ ಒಂದು ಕ್ಲಿಪ್, ಒಂದು ಹೋಸ್ ಅಥವಾ ಒಂದು ಕ್ಯಾಪ್‌ನಲ್ಲಿ ಕೆಲಸ ಮುಗಿಯುತ್ತದೆ. ಮೂರನೆಯದಕ್ಕೆ ಎಂಜಿನ್ ಬಿಚ್ಚಲೇಬೇಕು. ಮೊದಲ ಎರಡನ್ನು ಕಡೆಗಣಿಸಿದರೆ ಅವೇ ಮೂರನೆಯದಕ್ಕೆ ದಾರಿಯಾಗುತ್ತವೆ.

5. ಪತ್ತೆಯ ಕ್ರಮ

ಪತ್ತೆ ಸುಲಭದಿಂದ ಕಠಿಣಕ್ಕೆ, ಕಡಿಮೆ ವೆಚ್ಚದಿಂದ ಹೆಚ್ಚಿನ ವೆಚ್ಚಕ್ಕೆ ಸಾಗಬೇಕು. ಮೊದಲ ಎರಡು ಹಂತಗಳನ್ನು ಚಾಲಕರೇ ಪಂಚಾಯಿತಿ ಆವರಣದಲ್ಲಿ ಮಾಡಬಹುದು.

(ಅ) ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ

ಹಿಂದಿನ ರಾತ್ರಿ ವಾಹನದ ಅಡಿಯಲ್ಲಿ ಹಳೆಯ ರಟ್ಟು ಅಥವಾ ಕಾಗದ ಹಾಸಿಡಬೇಕು. ಬೆಳಗ್ಗೆ ಅದರ ಮೇಲಿನ ಕಲೆ ಸೋರಿಕೆಯ ಜಾಗವನ್ನು ಸೂಚಿಸುತ್ತದೆ. ಕಲೆಯ ಬಣ್ಣ, ಜಿಡ್ಡು ನೋಡಿ ಅದು ನೀರೋ ಆಯಿಲೋ ಎಂದು ತಿಳಿಯಬಹುದು.

ಬಾನೆಟ್ ಅಥವಾ ಸೀಟು ಎತ್ತಿ ಹೋಸ್‌ಗಳನ್ನು ಕೈಯಿಂದ ಅದುಮಿ ನೋಡಬೇಕು. ಬಿರುಕು, ಉಬ್ಬು, ತೀರ ಮೆತ್ತಗಾದ ಜಾಗ ಇದ್ದರೆ ಹೋಸ್ ಬದಲಿಸಬೇಕು. ಕ್ಲಿಪ್ ಬಳಿ ಬಿಳಿಯ ಅಥವಾ ತುಕ್ಕಿನ ಬಣ್ಣದ ಪುಡಿ ಕಂಡರೆ ಅಲ್ಲಿ ನೀರು ಜಿನುಗಿ ಒಣಗುತ್ತಿದೆ ಎಂದರ್ಥ. ವಾಟರ್ ಪಂಪ್‌ನ ಅಡಿಯಲ್ಲಿ ಸಣ್ಣ ರಂಧ್ರವೊಂದಿರುತ್ತದೆ. ಅದರಿಂದ ನೀರು ಹನಿಯುತ್ತಿದ್ದರೆ ಪಂಪ್‌ನ ಸೀಲ್ ಹೋಗಿದೆ. ಆ ರಂಧ್ರವನ್ನು ಮುಚ್ಚಬಾರದು, ಪಂಪ್ ಸರಿಪಡಿಸಬೇಕು.

ಫ್ಯಾನ್ ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಅದುಮಿದಾಗ ಸಾಮಾನ್ಯವಾಗಿ 10 ರಿಂದ 15 ಮಿಲಿಮೀಟರ್‌ನಷ್ಟು ತಗ್ಗಬೇಕು. ಅದಕ್ಕಿಂತ ಹೆಚ್ಚು ತಗ್ಗಿದರೆ ಬೆಲ್ಟ್ ಸಡಿಲವಾಗಿದೆ. ರೇಡಿಯೇಟರ್‌ನ ರೆಕ್ಕೆಗಳ ನಡುವೆ ಕೆಸರು, ಹುಲ್ಲು, ಪ್ಲಾಸ್ಟಿಕ್ ಚೂರು ತುಂಬಿದೆಯೇ ಎಂದು ಬೆಳಕು ಹಿಡಿದು ನೋಡಬೇಕು. ಕಸದ ಗಾಡಿಗೂ ಭತ್ತದ ಹೊಲದಲ್ಲಿ ಓಡುವ ಟ್ರ್ಯಾಕ್ಟರ್‌ಗೂ ಇದು ಸಾಮಾನ್ಯ ದೋಷ. ಎಂಜಿನ್ ಕಡೆಯಿಂದ ಹೊರಕ್ಕೆ, ರೆಕ್ಕೆ ಬಾಗದಂತೆ ಸಣ್ಣ ಒತ್ತಡದ ನೀರು ಬಿಟ್ಟು ತೊಳೆಯಬೇಕು.

ಈಗ ಕ್ಯಾಪ್ ತೆರೆದು ಅದರ ರಬ್ಬರ್ ಹಾಗೂ ಸ್ಪ್ರಿಂಗ್ ಪರೀಕ್ಷಿಸಬೇಕು. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಸೀಳಿದ್ದರೆ ವಾಹನಕ್ಕೆ ನಿಗದಿಯಾದ ಒತ್ತಡದ ಕ್ಯಾಪನ್ನೇ ಹಾಕಬೇಕು. ಎಂಜಿನ್ ತಣ್ಣಗಾದಾಗ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿದ್ದರೆ, ಪಕ್ಕದ ಡಬ್ಬಿಗೆ ಹೋದ ನೀರು ಮರಳಿ ಬರುತ್ತಿಲ್ಲ. ಇದೂ ಕ್ಯಾಪ್‌ನ ದೋಷದ ಗುರುತು.

ಕೊನೆಯದಾಗಿ ಆಯಿಲ್ ಕಡ್ಡಿ ಎಳೆದು ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಅಥವಾ ಹಾಕದೆಯೇ ಅದರ ಮಟ್ಟ ಏರಿದ್ದರೆ ನೀರು ಆಯಿಲ್‌ಗೆ ಸೇರಿದೆ. ಅಂತಹ ವಾಹನವನ್ನು ಚಾಲೂ ಮಾಡಬಾರದು, ಎಳೆದುಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

(ಆ) ಎಂಜಿನ್ ಚಾಲೂ ಮಾಡಿದಾಗ

ತಣ್ಣಗಿನ ಎಂಜಿನ್‌ನಲ್ಲಿ ಕ್ಯಾಪ್ ತೆರೆದಿಟ್ಟು, ನೀರು ತುಂಬಿಸಿ, ಚಾಲೂ ಮಾಡಿ ಮೊದಲ ಒಂದೆರಡು ನಿಮಿಷ ಮಾತ್ರ ದೂರದಿಂದ ನೋಡಬೇಕು. ಗಾಳಿಯ ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಸಿಲಿಂಡರ್‌ನ ಅನಿಲ ನೀರಿಗೆ ನುಗ್ಗುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್ ಸಂಶಯಾಸ್ಪದ. ನೀರು ಹೊಸದಾಗಿ ತುಂಬಿದಾಗ ಸಿಕ್ಕಿಕೊಂಡ ಗಾಳಿಯಿಂದಲೂ ಕೆಲವು ಗುಳ್ಳೆ ಬರಬಹುದು, ಆದರೆ ಅವು ಬೇಗ ನಿಲ್ಲುತ್ತವೆ. ಎಂಜಿನ್ ಬಿಸಿಯಾಗುವ ಮೊದಲೇ ಕ್ಯಾಪ್ ಮುಚ್ಚಬೇಕು.

ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಬರುವ ದಟ್ಟ ಬಿಳಿಯ ಹೊಗೆ, ಅದರಲ್ಲಿ ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಉರಿಯುತ್ತಿದೆ. ಬೆಳಗಿನ ತೇವದಲ್ಲಿ ಕೆಲ ನಿಮಿಷ ಕಂಡು ಮಾಯವಾಗುವ ತೆಳು ಆವಿಯನ್ನು ಇದರೊಡನೆ ಬೆರೆಸಿ ನೋಡಬಾರದು.

ಹದಿನೈದು ನಿಮಿಷ ಓಡಿದ ಬಳಿಕ ಎಂಜಿನ್ ನಿಲ್ಲಿಸಿ, ಹೋಸ್‌ಗಳ ಬಿಸಿಯನ್ನು ಕೈಯ ಹಿಂಬದಿಯಿಂದ ಎಚ್ಚರದಿಂದ ಅಂದಾಜಿಸಬೇಕು. ಬಹುತೇಕ ವಾಹನಗಳಲ್ಲಿ, ಎಂಜಿನ್ ಕಾದಿದ್ದರೂ ಮೇಲಿನ ಹೋಸ್ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ. ಮೇಲಿನದು ಮುಟ್ಟಲಾರದಷ್ಟು ಬಿಸಿ, ಕೆಳಗಿನದು ತೀರ ತಣ್ಣಗೆ ಇದ್ದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ ಅಥವಾ ಪಂಪ್ ನೀರನ್ನು ತಳ್ಳುತ್ತಿಲ್ಲ. ವಿದ್ಯುತ್ ಫ್ಯಾನ್ ಇರುವ ವಾಹನದಲ್ಲಿ ಎಂಜಿನ್ ಬಿಸಿಯೇರಿದಾಗ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಅನಂತರ ರಿಲೇ, ಬಳಿಕ ಉಷ್ಣಾಂಶದ ಸ್ವಿಚ್ ನೋಡಬೇಕು. ವಿದ್ಯುತ್ ಫ್ಯಾನ್ ಎಂಜಿನ್ ನಿಂತ ಮೇಲೂ ಹಠಾತ್ತನೆ ತಿರುಗಬಹುದಾದ್ದರಿಂದ ಸೀರೆಯ ಸೆರಗು, ಟವೆಲ್, ಕೈ ಅದರ ಬಳಿ ಹೋಗಬಾರದು.

(ಇ) ಗ್ಯಾರೇಜಿನಲ್ಲಿ

ಮೇಲಿನ ಎರಡು ಹಂತಗಳಲ್ಲಿ ಕಾರಣ ಸಿಗದಿದ್ದರೆ ಒತ್ತಡ ಪರೀಕ್ಷೆ ಮಾಡಿಸಬೇಕು. ತಣ್ಣಗಿನ ಎಂಜಿನ್‌ಗೆ ಕೈಪಂಪ್ ಜೋಡಿಸಿ ಕ್ಯಾಪ್‌ನ ಮೇಲೆ ಮುದ್ರಿಸಿದಷ್ಟು ಒತ್ತಡ ನೀಡಿ ಹತ್ತು ಹದಿನೈದು ನಿಮಿಷ ಕಾಯುತ್ತಾರೆ. ಒತ್ತಡ ಇಳಿದು ಹೊರಗೆಲ್ಲೂ ನೀರು ಕಾಣದಿದ್ದರೆ ಸೋರಿಕೆ ಒಳಗಿದೆ. ಹೆಡ್ ಬಿಚ್ಚುವ ಮೊದಲು ಈ ಪರೀಕ್ಷೆ ಆಗಿದೆಯೇ ಎಂದು ಪಂಚಾಯಿತಿ ಕೇಳುವುದು ನ್ಯಾಯವಾದ ಪ್ರಶ್ನೆ.

6. ಯಾವಾಗ ಬಿಸಿಯಾಗುತ್ತದೆ ಎಂಬುದೇ ಸುಳಿವು

ಚಾಲಕರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಗಾಡಿ ಬಿಸಿಯಾಗುತ್ತದೆಯೇ" ಎಂಬುದಲ್ಲ, "ಯಾವಾಗ ಬಿಸಿಯಾಗುತ್ತದೆ" ಎಂಬುದು. ಮನೆಮನೆಯ ಮುಂದೆ ನಿಂತು ನಿಂತು ಸಾಗುವಾಗ ಬಿಸಿಯಾಗಿ, ರಸ್ತೆಯಲ್ಲಿ ಓಡುವಾಗ ಸರಿಹೋದರೆ ದೋಷ ಫ್ಯಾನ್ ಅಥವಾ ಬೆಲ್ಟ್‌ನಲ್ಲಿದೆ. ಬೀದಿಯಲ್ಲಿ ಸರಿಯಿದ್ದು, ಭಾರ ತುಂಬಿ ಓಡುವಾಗ ಅಥವಾ ಏರು ಹತ್ತುವಾಗ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿದರೆ ನೀರು ತೀರ ಕಡಿಮೆ ಇದೆ, ಥರ್ಮೋಸ್ಟಾಟ್ ಅಂಟಿಕೊಂಡಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇವಾವುವೂ ಅಲ್ಲದಿದ್ದರೆ ಆಯಿಲ್ ಕೊರತೆ, ಅತಿಭಾರ, ಹಿಡಿದುಕೊಂಡ ಬ್ರೇಕ್, ಜಾರುವ ಕ್ಲಚ್ ಸಹ ಎಂಜಿನ್ ಮೇಲೆ ಹೊರೆ ಹಾಕಿ ಬಿಸಿಯೇರಿಸುತ್ತವೆ.

ಒಂದೇ ದೋಷ ಎಲ್ಲ ಪ್ರದೇಶದಲ್ಲೂ ಒಂದೇ ಬಗೆಯಾಗಿ ಕಾಣುವುದಿಲ್ಲ. ಕಾವೇರಿ ತೀರದ ಸಮತಟ್ಟು ರಸ್ತೆಯಲ್ಲಿ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಹೇಗೋ ನಿಭಾಯಿಸಬಹುದು. ಅದೇ ವಾಹನ ಹನೂರು ತಾಲ್ಲೂಕಿನ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನೋ, ಯಳಂದೂರು ಕಡೆಯಿಂದ ಬಿಳಿಗಿರಿರಂಗನ ಬೆಟ್ಟವನ್ನೋ ಹತ್ತಿದರೆ ಕುದಿಯುತ್ತದೆ. ಏರಿನಲ್ಲಿ ವೇಗ ಕಡಿಮೆ, ಹೊರೆ ಹೆಚ್ಚು, ಹಾಯುವ ಗಾಳಿ ಕಡಿಮೆ. ಜೊತೆಗೆ ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಮಟ್ಟ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಆದ್ದರಿಂದ ಜಾತ್ರೆಯ ಸ್ವಚ್ಛತಾ ಕೆಲಸಕ್ಕೆ ಬಯಲಿನ ವಾಹನಗಳನ್ನು ಬೆಟ್ಟಕ್ಕೆ ಕಳುಹಿಸುವ ಮೊದಲು ರೇಡಿಯೇಟರ್ ಹಾಗೂ ಕ್ಯಾಪ್ ಪರೀಕ್ಷೆ ಆಗಿರಬೇಕು.

7. ಮುಳ್ಳನ್ನು ಮಾತ್ರ ನಂಬಬಾರದು

ಉಷ್ಣಾಂಶ ತೋರಿಸುವ ಮುಳ್ಳು ಎಂಜಿನ್‌ನ ಲೋಹವನ್ನು ಅಳೆಯುವುದಿಲ್ಲ. ತನ್ನ ಸುತ್ತಲಿನ ನೀರನ್ನು ಅಳೆಯುತ್ತದೆ. ನೀರು ಸೆನ್ಸರ್‌ಗಿಂತ ಕೆಳಗೆ ಇಳಿದರೆ ಅದು ಬರಿಯ ಗಾಳಿ ಅಥವಾ ಆವಿಯಲ್ಲಿ ನಿಲ್ಲುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಸಹಜವಾಗಿ ಅಥವಾ ಇನ್ನೂ ಕೆಳಗೆ ತೋರಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಹಠಾತ್ತನೆ ಇಳಿಯುವುದು ಒಳ್ಳೆಯ ಸುದ್ದಿಯಲ್ಲ, ಅಪಾಯದ ಗುರುತು. "ಮುಳ್ಳು ಸರಿಯಾಗಿತ್ತು" ಎಂದು ಚಾಲಕರು ಹೇಳಿದಾಗ ಅದನ್ನು ಸುಳ್ಳೆಂದು ತಳ್ಳಿಹಾಕಬಾರದು. ಅವರು ಕಂಡದ್ದನ್ನೇ ಹೇಳುತ್ತಿರಬಹುದು.

8. ದಾರಿಯಲ್ಲಿ ಎಂಜಿನ್ ಕುದಿದರೆ

ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಆವಿ ಬರುತ್ತಿರುವಾಗ ಬಾನೆಟ್ ಎತ್ತಬಾರದು. ಕನಿಷ್ಠ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಬೇಕು. ಬಿಸಿ ಇರುವಾಗ ಕ್ಯಾಪ್ ತೆರೆಯಲೇಬಾರದು. ಒತ್ತಡದಲ್ಲಿ ತಡೆದು ನಿಂತಿದ್ದ ನೀರು ಕ್ಯಾಪ್ ಸಡಿಲವಾದ ಕ್ಷಣವೇ ಆವಿಯಾಗಿ ಮುಖಕ್ಕೂ ಕೈಗೂ ಚಿಮ್ಮುತ್ತದೆ. ಈ ಸುಟ್ಟಗಾಯಗಳು ಅತ್ಯಂತ ತೀವ್ರವಾಗಿರುತ್ತವೆ. ದಪ್ಪ ಬಟ್ಟೆ ಹಾಕಿ ತೆರೆಯುವುದೂ ಸುರಕ್ಷಿತವಲ್ಲ.

ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದು, ಖಾಲಿಯಾದ ಕಾದ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ತುಂಬುವುದು ಲೋಹವನ್ನು ಬಿರುಕು ಬಿಡಿಸುತ್ತದೆ. ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ತುಂಬಬೇಕು. "ಇನ್ನು ಎರಡೇ ಕಿಲೋಮೀಟರ್" ಎಂದು ಓಡಿಸಿದ ದೂರವೇ ಹಲವು ಎಂಜಿನ್‌ಗಳನ್ನು ಕೊಂದಿದೆ. ಗಾಡಿ ನಿಲ್ಲಿಸಿದ ಚಾಲಕರನ್ನು ಕೆಲಸ ತಡವಾಯಿತೆಂದು ಗದರಿಸಿದರೆ, ಮುಂದಿನ ಬಾರಿ ಅವರು ನಿಲ್ಲಿಸುವುದಿಲ್ಲ ಎಂಬುದನ್ನು ಸದಸ್ಯರು ನೆನಪಿಡಬೇಕು.

9. ಉಪಾಯವೆನಿಸುವ ಅಪಾಯಗಳು

ಕೊಳವೆಬಾವಿಯ ನೀರು ಹಾಕುವುದು: ಕುಡಿಯುವ ನೀರಿನ ಭಾರತೀಯ ಮಾನಕದಂತೆ ಕರಗಿದ ಲವಣಾಂಶದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದಲ್ಲಿ 2000 ಮಿಲಿಗ್ರಾಂ. ಲೀಟರಿಗೆ 1000 ಮಿಲಿಗ್ರಾಂ ಲವಣವಿರುವ ನೀರನ್ನು ದಿನಕ್ಕೆ ಒಂದು ಲೀಟರ್‌ನಂತೆ 26 ದಿನ ಹಾಕಿ, ಅದು ಆವಿಯಾಗಿ ಹೋಗುತ್ತಿದ್ದರೆ, 26 ಗ್ರಾಂ ಲವಣ ಎಂಜಿನ್ ಹಾಗೂ ರೇಡಿಯೇಟರ್ ಒಳಗೇ ಉಳಿಯುತ್ತದೆ. ಮನೆಯ ಹಂಡೆಯಲ್ಲಿ ಕಟ್ಟುವ ಬಿಳಿಯ ಪದರವೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಆದುದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ನಿಗದಿತ ಕೂಲೆಂಟ್‌ನ ಮಿಶ್ರಣವನ್ನೇ ಬಳಸಬೇಕು. ಆಪತ್ಕಾಲದಲ್ಲಿ ಯಾವುದೇ ಶುದ್ಧ ನೀರು ಹಾಕಬಹುದು, ಆದರೆ ಬಳಿಕ ಅದನ್ನು ಬದಲಿಸಬೇಕು.

ಅರಿಶಿನ ಪುಡಿ ಅಥವಾ ಸೋರಿಕೆ ತಡೆಯುವ ಪುಡಿ ಹಾಕುವುದು: ಇವು ತೂತನ್ನು ಮುಚ್ಚುವಂತೆಯೇ ತೂತಲ್ಲದ ಸಣ್ಣ ಕೊಳವೆಗಳನ್ನೂ ಮುಚ್ಚುತ್ತವೆ. ಊರು ಸೇರಲು ಒಂದು ಸಲ ನೆರವಾಗಬಹುದು, ದುರಸ್ತಿಯಾಗಲಾರದು.

ಥರ್ಮೋಸ್ಟಾಟ್ ತೆಗೆದುಹಾಕುವುದು: "ವಾಲ್ವ್ ತೆಗೆದರೆ ಗಾಡಿ ತಂಪಾಗಿರುತ್ತದೆ" ಎಂಬ ಸಲಹೆ ಸಾಮಾನ್ಯ. ಹೀಗೆ ಮಾಡಿದರೆ ಎಂಜಿನ್ ಸರಿಯಾದ ಬಿಸಿಗೆ ಬಾರದೆ ಡೀಸೆಲ್ ಹೆಚ್ಚು ಉರಿಯುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರ್ ಬಿಟ್ಟು ಅಡ್ಡದಾರಿಯಲ್ಲೇ ಸುತ್ತಿ ಬಿಸಿ ಇನ್ನೂ ಏರುತ್ತದೆ. ಮೂಲ ದೋಷವಂತೂ ಹಾಗೆಯೇ ಉಳಿಯುತ್ತದೆ.

ಹಳೆಯ ಕೂಲೆಂಟನ್ನು ಚರಂಡಿಗೆ ಬಿಡುವುದು: ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ವಿಷಕಾರಿ. ನಾಯಿ, ಕರು, ಮಕ್ಕಳು ಅದನ್ನು ನೆಕ್ಕುವ ಅಥವಾ ಕುಡಿಯುವ ಅಪಾಯವಿದೆ. ನದಿ, ನಾಲೆ, ಕೆರೆಗಳ ಬದಿಯ ಗ್ರಾಮಗಳಲ್ಲಿ ಅದನ್ನು ಎಂದೂ ನೆಲಕ್ಕೆ ಬಿಡಬಾರದು. ಮುಚ್ಚಳವಿರುವ ಕ್ಯಾನ್‌ನಲ್ಲಿ ಹಿಡಿದು, ಮೇಲೆ ಹೆಸರು ಬರೆದು, ಅಪಾಯಕಾರಿ ತ್ಯಾಜ್ಯವಾಗಿ ಪ್ರತ್ಯೇಕವಾಗಿ ಇಡಬೇಕು.

10. ಪಂಚಾಯಿತಿಯ ಹೊಣೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಡಿ ಗ್ರಾಮ ಪಂಚಾಯಿತಿಯಲ್ಲಿ ಸ್ಥಾಯಿ ಸಮಿತಿಗಳು ರಚಿತವಾಗುತ್ತವೆ. ವಾಹನಗಳ ನಿಗಾವನ್ನು ಸಂಬಂಧಪಟ್ಟ ಸ್ಥಾಯಿ ಸಮಿತಿಯ ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳುವುದು ಸೂಕ್ತ. ಅದಕ್ಕಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

ಲಾಗ್ ಪುಸ್ತಕದಲ್ಲಿ "ಹಾಕಿದ ನೀರು ಅಥವಾ ಕೂಲೆಂಟ್ – ಮಿಲಿಲೀಟರ್" ಎಂಬ ಕಲಂ ಸೇರಿಸುವುದು. ಅಳತೆಯ ಬಾಟಲಿಯೊಂದನ್ನು ವಾಹನದಲ್ಲಿಯೇ ಇಡುವುದು.

ಒಂದು ವಾರದಲ್ಲಿ ಎರಡು ಬಾರಿಗಿಂತ ಹೆಚ್ಚು ನೀರು ಹಾಕಬೇಕಾಗಿ ಬಂದರೆ ಚಾಲಕರು ಲಿಖಿತವಾಗಿ ತಿಳಿಸುವುದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಸ್ವೀಕೃತಿಯ ಸಹಿ ಹಾಕಿ ತಪಾಸಣೆಗೆ ಕಳುಹಿಸುವುದು.

ದುರಸ್ತಿಯ ಅಂದಾಜು ಪಟ್ಟಿಯಲ್ಲಿ ಬಿಡಿಭಾಗಗಳ ಹೆಸರಷ್ಟೇ ಅಲ್ಲದೆ, ಕಂಡುಬಂದ ದೋಷ ಯಾವುದು, ಯಾವ ಪರೀಕ್ಷೆಯಿಂದ ತಿಳಿಯಿತು ಎಂಬುದನ್ನು ಬರೆಸುವುದು. ಬದಲಿಸಿದ ಹಳೆಯ ಬಿಡಿಭಾಗಗಳನ್ನು ಪಂಚಾಯಿತಿಗೆ ಮರಳಿ ಪಡೆಯುವುದು. ಖರೀದಿ ಹಾಗೂ ದುರಸ್ತಿಯಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಉಪಬಂಧಗಳನ್ನು ಪಾಲಿಸುವುದು.

ದೊಡ್ಡ ದುರಸ್ತಿಗೆ ಮುನ್ನ ವಾಹನದ ವಯಸ್ಸನ್ನು ನೋಡುವುದು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿಯಂತೆ, 2023ರ ಏಪ್ರಿಲ್ 1ರಿಂದ ಸರ್ಕಾರಿ ಸಂಸ್ಥೆಗಳ ವಾಹನಗಳ ನೋಂದಣಿ 15 ವರ್ಷಕ್ಕೆ ಕೊನೆಗೊಳ್ಳುತ್ತದೆ. ಪಂಚಾಯಿತಿಗಳ ವಾಹನಗಳೂ ಇದರ ವ್ಯಾಪ್ತಿಯಲ್ಲಿವೆ. ಹದಿನಾಲ್ಕು ವರ್ಷದ ವಾಹನಕ್ಕೆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವ ವೆಚ್ಚ ಸಲ್ಲುವುದೇ ಎಂಬುದನ್ನು ಸಭೆ ಚರ್ಚಿಸಲೇಬೇಕು. ಎಂಟು ಹತ್ತು ವರ್ಷದ ವಾಹನಕ್ಕೆ ಅದೇ ವೆಚ್ಚ ಸಮಂಜಸವಾಗಬಹುದು.

11. ಸನ್ನಿವೇಶಕ್ಕೆ ಮರಳಿ

ಆರಂಭದ ಸನ್ನಿವೇಶವನ್ನು ಈಗ ಮತ್ತೆ ನೋಡಬಹುದು. ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಬೆಳಗ್ಗೆ ನೆಲ ಒಣಗಿರುತ್ತಿತ್ತು ಎಂದು ಚಾಲಕಿ ಹೇಳುತ್ತಾರೆ. ಹಾಗಾದರೆ ಹೊರ ಸೋರಿಕೆಯ ಸಂಭವ ಕಡಿಮೆ. ಭಾರ ತುಂಬಿ ಹೋಗುವಾಗ ಮಾತ್ರ ಪಕ್ಕದ ಡಬ್ಬಿ ಉಕ್ಕುತ್ತಿತ್ತು ಎನ್ನುತ್ತಾರೆ. ಅದು ರೇಡಿಯೇಟರ್‌ನತ್ತ ಬೆರಳು ತೋರುತ್ತದೆ. ರೇಡಿಯೇಟರ್ ಬಿಚ್ಚಿದಾಗ ರೆಕ್ಕೆಗಳ ನಡುವೆ ನೆರೆಯ ಕೆಸರು ಒಣಗಿ ಗೋಡೆಯಂತಾಗಿದೆ, ಕ್ಯಾಪ್‌ನ ರಬ್ಬರ್ ಸೀಳಿದೆ. ಮಳೆ ಚಳಿಗಾಲದಲ್ಲಿ ಅಡಗಿದ್ದ ದೋಷ ಬಿಸಿಲು ಏರಿದಂತೆ ಹೊರಬಂದಿದೆ. ದಿನವೂ ಹಾಕಿದ ಗಡಸು ನೀರು ಒಳಗಿನ ಕೊಳವೆಗಳನ್ನೂ ಕಟ್ಟಿದೆ. ಕೊನೆಯ ದಿನ ನೀರು ಸೆನ್ಸರ್‌ಗಿಂತ ಕೆಳಗಿಳಿದ ಕಾರಣ ಮುಳ್ಳು ಎಚ್ಚರಿಕೆ ನೀಡಿಲ್ಲ.

ಇಲ್ಲಿ ಚಾಲಕಿ ಕಂಡದ್ದನ್ನು ಎರಡು ಬಾರಿ ಹೇಳಿದ್ದರು. ಹೇಳಿದ್ದನ್ನು ಬರೆದುಕೊಳ್ಳುವ ವ್ಯವಸ್ಥೆ ಇರಲಿಲ್ಲ. ಫೆಬ್ರವರಿಯಲ್ಲಿ ಒಂದು ಗಂಟೆಯ ತೊಳೆಯುವಿಕೆ ಹಾಗೂ ಒಂದು ಹೊಸ ಕ್ಯಾಪ್‌ನಲ್ಲಿ ಮುಗಿಯಬಹುದಾಗಿದ್ದ ಕೆಲಸ ಮೇ ತಿಂಗಳಲ್ಲಿ ಎಂಜಿನ್ ಬಿಚ್ಚುವಲ್ಲಿಗೆ ಬಂದಿತು. ದುರಸ್ತಿಯ ಮೊತ್ತವನ್ನು ಚಾಲಕಿಯ ಗೌರವಧನದಿಂದ ಕಡಿತ ಮಾಡಬೇಕೆಂಬ ಸಲಹೆ ಸಭೆಯಲ್ಲಿ ಬಂದರೆ, ಸದಸ್ಯರು ಮೊದಲು ಲಾಗ್ ಪುಸ್ತಕದ ಇಲ್ಲದ ಕಲಂ ಅನ್ನು ನೋಡಬೇಕು.

12. ಚರ್ಚೆಗೆ ಪ್ರಶ್ನೆಗಳು

ಸಂಬಂಧಪಟ್ಟ ಸ್ಥಾಯಿ ಸಮಿತಿಯ ಮುಂದಿನ ಸಭೆಯಲ್ಲಿ ಸದಸ್ಯರು ಈ ಕೆಳಗಿನವುಗಳನ್ನು ಚರ್ಚಿಸಬಹುದು.

(1) ತಮ್ಮ ಪಂಚಾಯಿತಿಯ ಪ್ರತಿ ವಾಹನದ ನೋಂದಣಿ ದಿನಾಂಕ ಯಾವುದು? ಹದಿನೈದು ವರ್ಷ ತುಂಬಲು ಎಷ್ಟು ಕಾಲವಿದೆ?

(2) ಕಳೆದ ಒಂದು ತಿಂಗಳಲ್ಲಿ ಪ್ರತಿ ವಾಹನಕ್ಕೆ ಎಷ್ಟು ನೀರು ಹಾಕಲಾಗಿದೆ ಎಂದು ಹೇಳಬಲ್ಲ ದಾಖಲೆ ಇದೆಯೇ?

(3) ರೇಡಿಯೇಟರ್ ಕೊನೆಯ ಬಾರಿ ತೊಳೆದದ್ದು, ಕ್ಯಾಪ್ ಹಾಗೂ ಕೂಲೆಂಟ್ ಬದಲಿಸಿದ್ದು ಯಾವಾಗ?

(4) ಬಿಸಿ ಎಂಜಿನ್‌ನ ಕ್ಯಾಪ್ ತೆರೆಯಬಾರದೆಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಬಾನೆಟ್ ಅಥವಾ ಸೀಟಿನ ಒಳಬದಿಗೆ ಅಂಟಿಸಲಾಗಿದೆಯೇ?

(5) ಗಾಡಿಯಲ್ಲಿ ದೋಷವಿದೆ ಎಂದು ಚಾಲಕರು ಹೇಳಿದಾಗ ಅದು ಯಾರ ಬಳಿ, ಯಾವ ಪುಸ್ತಕದಲ್ಲಿ, ಎಷ್ಟು ದಿನದೊಳಗೆ ದಾಖಲಾಗುತ್ತದೆ?

ಐದನೆಯ ಪ್ರಶ್ನೆಗೆ ಸ್ಪಷ್ಟ ಉತ್ತರವಿರುವ ಪಂಚಾಯಿತಿಯಲ್ಲಿ ಉಳಿದ ನಾಲ್ಕಕ್ಕೂ ಉತ್ತರ ತಾನಾಗಿ ದೊರೆಯುತ್ತದೆ. ಬೇಸಿಗೆ ಆರಂಭವಾಗುವ ಮೊದಲು, ಅಂದರೆ ಜನವರಿ ತಿಂಗಳೊಳಗೆ, ಎಲ್ಲ ವಾಹನಗಳ ತಂಪು ವ್ಯವಸ್ಥೆಯ ತಪಾಸಣೆ ಮುಗಿದಿರುವಂತೆ ಸದಸ್ಯರು ನೋಡಿಕೊಳ್ಳತಕ್ಕದ್ದು.